ಅಳಿವೆಯ ತಳದ ಜೇಡಿ

ನಾನು ಜೇಡಿಮಣ್ಣಿನ ಒಂದು ಕಣ. ಒಂಟಿಯಾಗಿದ್ದರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಘಟ್ಟದ ಬಂಡೆಯೊಂದು ಬಿಸಿಲು ಮಳೆಗೆ ಸವೆದು ಸವೆದು ನನ್ನನ್ನು ಹೆತ್ತಿತು. ಹಳ್ಳದ ನೀರು ಕೆಳಗೆ ಎಳೆದು ತಂದಿತು. ದಾರಿಯಲ್ಲಿ ಕೊಳೆತ ಎಲೆಗಳ ಸಾರ ಅಂಟಿ ನನ್ನ ಮೈಮೇಲೆ ತೆಳ್ಳನೆಯ ಪೊರೆಯಾಯಿತು. ಮರಳು ನನ್ನನ್ನು ನೋಡಿ ನಗುತ್ತಿತ್ತು. ಅದಕ್ಕೆ ಸುಲಭವಾಗಿ ಏನೂ ಅಂಟುವುದಿಲ್ಲ, ನನಗೆ ಎಲ್ಲವೂ ಅಂಟುತ್ತದೆ. ನಗಲಿ ಬಿಡಿ.

ಅಳಿವೆಯ ಉಪ್ಪುನೀರು ಸಿಕ್ಕಿದ್ದೇ ತಡ, ನಾವು ಕಣಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ತಳಕ್ಕಿಳಿದೆವು. ಅಲ್ಲಿ ಬಳಚು ಎಂಬ ಚಿಪ್ಪುಜೀವಿಗಳು ನಮ್ಮನ್ನು ನೀರಿನೊಂದಿಗೆ ಹೀರಿ, ಬೇಕಾದ್ದು ತಿಂದು, ಉಳಿದದ್ದನ್ನು ಉಗುಳುತ್ತಿದ್ದವು. ಸಮುದ್ರ ಇಳಿದ ಹೊತ್ತಿಗೆ ಗೋದಾವರಿ ಅಂಬಿಗ ಎಂಬ ಹೆಂಗಸು ಬಳಚು ಹೆಕ್ಕಲು ಬರುತ್ತಿದ್ದಳು. ನನಗೆ ಮೊದಲು ಪರಿಚಯವಾದದ್ದು ಅವಳ ಪಾದ. ಹಿಮ್ಮಡಿ ಒಡೆದ, ಕೆಸರಿನೊಳಗೆ ಬಳಚು ಎಲ್ಲಿದೆಯೆಂದು ಬೆರಳಲ್ಲೇ ಹುಡುಕುವ ಪಾದ. ಗಂಡ ತೀರಿದ ಮೇಲೆ ಅವಳ ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದು ಈ ಬಳಚಿನ ಬುಟ್ಟಿಯಿಂದಲೇ.

ಆಮೇಲೆ ದಂಡೆಯಲ್ಲಿ ವಿಠೋಬನ ಬೋಟ್ ರಿಪೇರಿ ಶೆಡ್ಡು ಎದ್ದಿತು. ಇಂಜಿನ್ನಿಂದ ಇಳಿಸಿದ ಹಳೇ ಎಣ್ಣೆಯನ್ನು ಅವನು ನೀರಿಗೇ ಸುರಿದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಸ್ವಲ್ಪ ಹೊತ್ತು ಅದು ಬಣ್ಣಬಣ್ಣವಾಗಿ ತೇಲಿತು. ಸಮುದ್ರ ಉಕ್ಕುವ ಭರತ ಬಂದು ನಮ್ಮನ್ನೆಲ್ಲ ಕಲಕಿ ಮೇಲೆಬ್ಬಿಸಿದಾಗ ಎಣ್ಣೆ ಸಿಕ್ಕ ಸಿಕ್ಕ ಕಣವನ್ನು ತಬ್ಬಿಕೊಂಡಿತು. ನನ್ನ ಎಲೆಸಾರದ ಪೊರೆಯಂತೂ ಅದಕ್ಕೆ ಬಹಳ ಹಿಡಿಸಿತು. ಅದನ್ನು ಹೊತ್ತೇ ನಾನು ಮತ್ತೆ ತಳ ಸೇರಿದೆ. ಮೇಲೆ ನೀರು ತಿಳಿಯಾಯಿತು, ಕೆಳಗೆ ನಾನು ಕಪ್ಪಾದೆ.

ನನ್ನನ್ನು ಹೀರಿದ ಬಳಚಿಗೂ ಆ ನಾತ ಹತ್ತಿತು. ಒಂದು ದಿನ ಪೇಟೆಯ ಖಾನಾವಳಿಯವನು ಬೇಯಿಸಿದ ಬಳಚನ್ನು ಪಾತ್ರೆ ಸಮೇತ ತಂದು ಗೋದಾವರಿಯ ಮುಂದೆ ಕುಕ್ಕಿದ. ಅವಳು ಮೂಸಿ ನೋಡಿದಳು. ಇಂಜಿನ್ ಎಣ್ಣೆ! ಆವತ್ತಿನಿಂದ ಅವಳ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಅವಳು ನೇರ ಶೆಡ್ಡಿನ ಎದುರಿನ ಕೆಸರಿಗೆ ಬಂದು ನಿಂತಳು.

"ವಿಠೋಬಣ್ಣ, ಎಣ್ಣೆ ಹೊಯ್ಯೂದು ನಿಲ್ಸು."

"ಎಣ್ಣೆ ಎಲ್ಲದೆ ಮಾರಾಯ್ತಿ? ನೀರು ನೋಡು, ಕನ್ನಡಿ ಹಂಗೆ ಅದೆ."

"ನೀರು ನೀನೇ ನೋಡ್ಕ. ನಾ ನಿಂತದ್ದು ಕೆಸರಲ್ಲಿ. ಬಾ, ಇಳಿ ಇಲ್ಲಿ!"

ಅವನು ಇಳಿಯಲಿಲ್ಲ. ಅವಳೇ ಕಾಲೆತ್ತಿ ನಮ್ಮನ್ನು ಬಲವಾಗಿ ತುಳಿದಳು. ಅವಳ ಮೊಣಕಾಲ ಸುತ್ತ ಎಣ್ಣೆಯ ಬಣ್ಣಗಳು ಎದ್ದು ಹರಡಿದವು. ಬೋಟಿನವರೆಲ್ಲ ನೋಡುತ್ತ ನಿಂತರು.

ಮರುದಿನ ಬಳಚು ಹೆಕ್ಕುವ ಹೆಂಗಸರೆಲ್ಲ ಸೇರಿ, ಶೆಡ್ಡಿಗೆ ಬೋಟು ಎಳೆಯುವ ದಾರಿಯಲ್ಲಿ ಬುಟ್ಟಿ ಬೋರಲು ಹಾಕಿ ಕುಳಿತರು. ಬೋಟುಗಳು ಅವರ ಅಣ್ಣತಮ್ಮಂದಿರವೇ. ಅಕ್ಕತಂಗಿಯರನ್ನು ದಾಟಿ ಬೋಟು ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ. ಕೆಲಸ ನಿಂತಿತು. ಕೊನೆಗೆ ವಿಠೋಬ ಎಣ್ಣೆಯನ್ನು ಡ್ರಮ್ಮಿಗೆ ತುಂಬತೊಡಗಿದ.

ಅಷ್ಟಕ್ಕೇ ಸುಮ್ಮನಿರದೆ ಒಂದು ಜೆಸಿಬಿ ತರಿಸಿದ. "ಈ ಕೆಸರೇ ಬೇಡ ಗೋದಕ್ಕ. ತೆಗ್ದು ಹೊಳೆ ನಡುವೆ ಚೆಲ್ತೆ. ಎಲ್ಲ ಕ್ಲೀನ್ ಆಗ್ತದೆ."

ಗೋದಾವರಿ ಯಂತ್ರದ ಹಲ್ಲಿನ ಮುಂದೆಯೇ ಬಂದು ನಿಂತಳು. "ಮುಟ್ಬೇಡ! ಕಲಕಿದ್ರೆ ಎಣ್ಣೆ ಹೊಳೆ ತುಂಬ ಹರಡ್ತದೆ. ಕೆಸರು ಹಿಡ್ಕಂಡದೆ, ಹಿಡ್ಕಂಡೇ ಇರ್ಲಿ. ನಾವು ಆಚೆ ದಂಡೆಗೆ ಹೋಗ್ತೇವೆ."

ಬಳಚು ದಟ್ಟವಾಗಿ ಸಿಗುತ್ತಿದ್ದದ್ದು ಇಲ್ಲೇ. ಅದನ್ನು ಬಿಟ್ಟುಕೊಡುವಾಗ ಅವಳ ದನಿ ನಡುಗಿತು, ಕಾಲು ನಡುಗಲಿಲ್ಲ. ಅದನ್ನು ಬಲ್ಲವನು ನಾನು, ಅವಳ ಪಾದದ ಕೆಳಗೇ ಇದ್ದೆ. ಜೆಸಿಬಿ ಹಿಂದಕ್ಕೆ ಹೋಯಿತು.

ಈಗ ನನಗೆ ವಯಸ್ಸಾಗಿದೆ. ಪ್ರತಿ ಮಳೆಗಾಲ ಹೊಸ ಮಣ್ಣು ಬಂದು ನನ್ನನ್ನು ಇನ್ನಷ್ಟು ಆಳಕ್ಕೆ ಹೂಳುತ್ತದೆ. ಇಲ್ಲಿ ಕತ್ತಲು, ಸದ್ದಿಲ್ಲ. ಕಣ್ಣಿಗೆ ಕಾಣದ ಕ್ರಿಮಿಗಳು ನನ್ನ ಮೈಯ ಎಣ್ಣೆಯನ್ನು ಬಹಳ ನಿಧಾನವಾಗಿ ಮೆಲ್ಲುತ್ತಿವೆ. ನನ್ನನ್ನು ಹೊಲಸು ಎನ್ನುವವರು ಎನ್ನಲಿ. ವಿಠೋಬ ಚೆಲ್ಲಿದ್ದನ್ನು, ನೀರು ಒಲ್ಲೆನೆಂದದ್ದನ್ನು ಹೊತ್ತುಕೊಂಡವನು ನಾನು. ಯಾವ ಭರತ ಬಂದು ಎಳೆದರೂ ಬಿಡುವುದಿಲ್ಲ. ನೀವು ಮಾತ್ರ ಗುದ್ದಲಿ ತರಬೇಡಿ.