ಬೀಗಿತ್ತಿ ಕೊಟ್ಟ ಬೆಚ್ಚನೆಯ ಜಾಗ

ನೆಲ ಬೆಚ್ಚಗಿದೆ ಎಂಬುದು ನಾಗಲಕ್ಷ್ಮಮ್ಮನಿಗೆ ಮೊದಲು ಗೊತ್ತಾದದ್ದು ಚಪ್ಪಲಿಯಿಂದ. ಜನವರಿಯ ಗಾಳಿ ಶಾಲಿನೊಳಗೆ ನುಗ್ಗಿ ಮೈ ಕೊರೆಯುತ್ತಿತ್ತು. ಅಂಗಾಲಿಗೆ ಮಾತ್ರ ಆಗತಾನೇ ಇಳಿಸಿದ ಕಾವಲಿಯ ಹತ್ತಿರ ನಿಂತಂತಿತ್ತು.

“ಅತ್ತಿ, ನಾ ಕಾಲಿಟ್ಟಲ್ಲೇ ಕಾಲಿಡ್ರಿ. ಆ ಕಡಿ ಈ ಕಡಿ ಹೋಗಬ್ಯಾಡ್ರಿ,” ಎಂದು ಮುಂದೆ ಚೀಲ ಹೊತ್ತು ನಡೆಯುತ್ತಿದ್ದ ಅಳಿಯ ಲಖನ್ ಕೂಗಿದ.

ಲಖನ್ ಹುಟ್ಟಿದ್ದು ಜಾರ್ಖಂಡಿನ ಈ ಲಾಲ್‌ಟಾಂಡ್ ಎಂಬ ಕಲ್ಲಿದ್ದಲಿನ ಊರಿನಲ್ಲಿ. ಎಂಟು ವರ್ಷದ ಹಿಂದೆ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದವನು, ಜೇಬು ಹೊಲಿಯುತ್ತ ಕನ್ನಡ ಕಲಿತ, ತೆಲುಗೂ ಕಲಿತ, ಕೊನೆಗೆ ಪಕ್ಕದ ಯಂತ್ರದಲ್ಲಿ ಕೂತಿದ್ದ ಸಾಯಿಲಕ್ಷ್ಮಿಯನ್ನು ಮದುವೆಯಾದ. ಈಗ ಸಾಯಿಲಕ್ಷ್ಮಿಗೆ ಏಳು ತಿಂಗಳು. ಲಖನನ ತಾಯಿ ಸುಗಿಯಾ ಮಾತ್ರ ಇಲ್ಲಿ, ನೆಲದಡಿಯ ಕಲ್ಲಿದ್ದಲಿಗೆ ಹತ್ತಿದ ಬೆಂಕಿಯ ಮೇಲೆ ಒಬ್ಬಳೇ. ಎರಡು ಸಲ ಕರೆಯಲು ಬಂದು ಅವನು ಬರಿಗೈಯಲ್ಲಿ ಹಿಂದಿರುಗಿದ್ದ. ಮೂರನೆಯ ಸಲ ಹೊರಡುವಾಗ, “ಈ ಸಲ ಅವ್ವ ಬರಲಿಲ್ಲಂದ್ರ ನಾನೂ ಅಲ್ಲೇ ಇದ್ದುಬಿಡ್ತೀನಿ,” ಎಂದು ತಲೆ ತಗ್ಗಿಸಿ ಹೇಳಿದ್ದ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಮರುದಿನವೇ ನಾಗಲಕ್ಷ್ಮಮ್ಮ ತಾನೂ ಸೀರೆ ಮಡಿಸಿ ಚೀಲಕ್ಕೆ ತುಂಬಿದಳು. ಮಗ ಕರೆದರೆ ಒಲ್ಲೆ ಎನ್ನಬಹುದು, ಹೆಣ್ಣು ಕೊಟ್ಟ ಬೀಗಿತ್ತಿ ಹೊಸ್ತಿಲಿಗೆ ಬಂದು ಕರೆದರೆ ಹೇಗೆ ಒಲ್ಲೆ ಅಂದಾಳು? ಗುಂತಕಲ್ಲಿನಲ್ಲಿ ರೈಲು ಹತ್ತಿದವರು ಮೂರನೆಯ ದಿನ ಇಲ್ಲಿಗೆ ಬಂದಿಳಿದಿದ್ದರು.

ಮುನ್ನೂರು ಮನೆಯ ಊರಂತೆ. ಈಗ ಹನ್ನೊಂದರಲ್ಲಿ ಮಾತ್ರ ಜನ. ಉಳಿದವಕ್ಕೆ ಸೂರಿಲ್ಲ, ಬಾಗಿಲಿಲ್ಲ, ಗೋಡೆ ಮಾತ್ರ ನಿಂತಿವೆ. ಕುಸಿದ ಶಾಲೆಯ ಕರಿಹಲಗೆಯ ಮೇಲೆ ಯಾರೋ ಬರೆದ ಕೂಡುವ ಲೆಕ್ಕ ಅಳಿಯದೆ ಉಳಿದಿತ್ತು. ಒಂದು ಬೇವಿನ ಮರ ಎಲೆಯಿಲ್ಲದೆ ಬೆಳ್ಳಗೆ ನಿಂತಿತ್ತು. ಬೇರು ಕೆಳಗೇ ಸುಟ್ಟುಹೋಗಿದ್ದರೂ ಬೀಳುವುದನ್ನು ಮರೆತಂತೆ. ನೆಲದ ಬಿರುಕುಗಳಿಂದ ಹೊಗೆ ಅವಸರವಿಲ್ಲದೆ ಏಳುತ್ತಿತ್ತು. ಬಿರುಕಿದ್ದಲ್ಲೆಲ್ಲ ಸುಣ್ಣ ಬಳಿದ ಇಟ್ಟಿಗೆಗಳ ಸಾಲು.

“ಇವ್ನ ಯಾರಿಟ್ರೋ?”

“ಊರು ಬಿಟ್ಟು ಹೋಗೋರು ಇಟ್ಟು ಹೋಗ್ಯಾರ್ರಿ, ಉಳಿದೋರ ಕಾಲು ಸುಡಬಾರ್ದಂತ.”

ಮನೆ ಕಳೆದುಕೊಂಡು ಗಾಡಿ ಹತ್ತುವ ಹೊತ್ತಿನಲ್ಲೂ ಬಗ್ಗಿ ಇಟ್ಟಿಗೆಗೆ ಸುಣ್ಣ ಬಳಿದ ಆ ಕೈಗಳನ್ನು ನಾಗಲಕ್ಷ್ಮಮ್ಮ ಮನಸ್ಸಿನಲ್ಲೇ ಕಂಡಳು. ಒಂದು ಬಿರುಕಿನ ಹತ್ತಿರ ಇಟ್ಟಿಗೆಯ ಈಚೆಯಿಂದಲೇ ಬಗ್ಗಿ ನೋಡಿದಳು. ಆಳದಲ್ಲಿ ಕೆಂಡ. ಒಮ್ಮೆ ಕೆಂಪಾಗಿ, ಒಮ್ಮೆ ಮಂಕಾಗಿ, ಮಲಗಿದ ದೊಡ್ಡ ಜೀವವೊಂದು ಉಸಿರಾಡಿದಂತೆ.

“ಎಷ್ಟು ವರ್ಷಾತು ಇದು ಹತ್ಕೊಂಡು?”

“ನಮ್ಮಜ್ಜ ಹುಟ್ಟೋಕಿಂತ ಮೊದ್ಲಿಂದ ಉರೀತೈತ್ರಿ.”

ತನಗೆ ಅರಿವಿಲ್ಲದೆ ಅವಳು ಕೈ ಮುಗಿದಿದ್ದಳು. ಹೆದರಿಕೆಯೇನೂ ಆಗಿರಲಿಲ್ಲ. ಇಷ್ಟು ದೊಡ್ಡದರ ಮುಂದೆ ಕೈಗಳನ್ನು ಬೇರೆಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಸುಗಿಯಾ ಗಿಡ್ಡ ಹೆಂಗಸು, ಮೊಣಕೈವರೆಗೆ ಹಚ್ಚೆ. ಬೀಗಿತ್ತಿಯನ್ನು ಕಂಡವಳೇ ಒಂದು ಚೊಂಬು ನೀರು ತಂದು, ಬೇಡವೆಂದರೂ ಕೇಳದೆ ಕೂತು ಕಾಲು ತೊಳೆದಳು. ಆ ನೀರು ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ಬರುವುದು, ಮೂಲೆಯ ಡ್ರಮ್ಮಿನಲ್ಲಿರುವಷ್ಟೇ ವಾರದ ಪಾಲು ಎಂದು ಲಖನ್ ಆಮೇಲೆ ಹೇಳಿದ. ಭಾಷೆ ಬಾರದ ಇಬ್ಬರ ನಡುವೆ ಅವನೇ ಮಾತು ಸಾಗಿಸುತ್ತಿದ್ದ.

“ಇಷ್ಟು ಸಣ್ಣಾಕಿ ಅದಾಳಲ್ಲ ನಿಮ್ಮತ್ತಿ, ಉಣ್ಣಾಕ ಕೊಡಂಗಿಲ್ಲೇನು ಅಂತ ಕೇಳ್ತಾಳ್ರಿ.”

“ಮಾಡಿದ್ದೆಲ್ಲ ನಿನ್ನ ಮಗನೇ ಉಂಡುಬಿಡ್ತಾನ, ನನಗೇನು ಉಳೀತೈತಿ ಅಂತ ಹೇಳು.”

ಸುಗಿಯಾ ಮಗನ ಹೊಟ್ಟೆಗೆ ತಿವಿದು ನಕ್ಕಳು. ನಗು ನಿಂತ ಮೇಲೆ ನಾಗಲಕ್ಷ್ಮಮ್ಮ ಬಂದ ಕೆಲಸ ತೆಗೆದಳು. ಬೀಗಿತ್ತಿ ತಲೆಯಲ್ಲಾಡಿಸಿದಳು.

“ಬೆಂಕಿ ರಸ್ತೆ ಆಚೆ ಐತಂತ್ರಿ. ಶಾಲಿ ಕೆಳಗ ಬಂದು ಆ ಕಡಿ ತಿರಿಗೈತಂತ. ನಮ್ಮನಿ ಬಂಡಿಗಲ್ಲಿನ ಮ್ಯಾಲೈತಿ, ಏನೂ ಆಗಂಗಿಲ್ಲಂತ. ನೆಲ ಅಳೆಯೋ ಸರಕಾರದೋರು ಬಂದು ಇಪ್ಪತ್ತು ವರ್ಷದಿಂದ ನಾಳಿ ಕುಸೀತೈತಿ, ನಾಡಿದ್ದು ಕುಸೀತೈತಿ ಅಂತಾರ, ಮನಿ ನಿಂತೇ ಐತಲ್ಲ ಅಂತಾಳ.” ಅವನ ದನಿ ಸಣ್ಣಗಾಯಿತು. “ಕೂಸು ಹುಟ್ಟಿದ ಮ್ಯಾಲ ನೀವೇ ಕರ್ಕೊಂಬರ್ರಿ ಅಂತಾಳ.”

ನಾಗಲಕ್ಷ್ಮಮ್ಮ ಅಳಿಯನ ಮುಖ ನೋಡಿದಳು. ಅವನು ನೋಟ ತಪ್ಪಿಸಿದ. ಇಲ್ಲೇ ಉಳಿಯುವ ಮನಸ್ಸು ಅವನಲ್ಲಿ ಆಗಲೇ ಗಟ್ಟಿಯಾಗುತ್ತಿತ್ತು.

ಮಲಗುವಾಗ ಸುಗಿಯಾ ಒಲೆಯ ಗೋಡೆಗೆ ಹತ್ತಿದ ಮೂಲೆಯನ್ನು ಬೀಗಿತ್ತಿಗೆ ಬಿಟ್ಟುಕೊಟ್ಟಳು. ಇಡೀ ಮನೆಯಲ್ಲಿ ಒಲೆಯ ಬಿಸಿ ಉಳಿಯುವ ಜಾಗ ಅದೊಂದೇ ಎಂದು ಕೈಸನ್ನೆಯಲ್ಲೇ ಹೇಳಿದಳು. ತಾನು ಬಾಗಿಲ ಬಳಿ, ಗಾಳಿ ಬರುವಲ್ಲಿ ಚಾಪೆ ಹಾಸಿಕೊಂಡಳು. ರೈಲಿನಲ್ಲಿ ಕೂತು ಹಿಡಿದುಹೋಗಿದ್ದ ನಾಗಲಕ್ಷ್ಮಮ್ಮನ ಸೊಂಟ ಆ ಬಿಸುಪಿಗೆ ಸಡಿಲಾಯಿತು.

ಬೆಳಕು ಹರಿಯುವಾಗ ಎಚ್ಚರವಾಯಿತು. ಐವತ್ತು ವರ್ಷದ ರೂಢಿ. ಬುದ್ಧಿ ಏಳುವ ಮೊದಲೇ ಕೈ ಎದ್ದಿರುತ್ತದೆ. ಡ್ರಮ್ಮಿನಿಂದ ಬಕೆಟ್ಟು ತುಂಬಿಕೊಂಡು ಬಾಗಿಲ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿದಳು. ಅಂಗಳವೆಲ್ಲ ಒದ್ದೆಯಾದ ಮೇಲೆ, ದಾರಿಯಲ್ಲಿ ರೊಟ್ಟಿಗೆಂದು ತಂದಿದ್ದ ಅಕ್ಕಿಹಿಟ್ಟು ಚಿಟಿಕೆ ಹಿಡಿದು ರಂಗೋಲಿಯ ಚುಕ್ಕೆಗೆ ಬಗ್ಗಿದಳು.

ಬಗ್ಗಿದವಳು ಹಾಗೇ ನಿಂತಳು. ಒದ್ದೆ ಅಂಗಳದ ನಡುವೆ ಒಂದು ಪಟ್ಟಿ ಆಗಲೇ ಒಣಗಿತ್ತು. ಸೆರಗಿನಷ್ಟು ಅಗಲ. ಅದರ ಮೇಲೆ ನವಿರಾದ ಹಬೆ ಆಡುತ್ತಿತ್ತು. ಎರಡೂ ಬದಿಯ ಮಣ್ಣು ಇನ್ನೂ ಕಪ್ಪಗೆ ಒದ್ದೆ. ಅವಳು ಮತ್ತೆ ನೀರು ಚಿಮುಕಿಸಿದಳು. ಮತ್ತೆ ಅದೇ ಪಟ್ಟಿ, ಅದೇ ಅಂಚು, ಕಣ್ಣೆದುರಿಗೇ ಬೆಳ್ಳಗಾಯಿತು. ಶಾಲೆಯ ಕಡೆಯಿಂದ ರಸ್ತೆ ದಾಟಿ ಬಂದಂತೆ, ಅಂಗಳವನ್ನು ಓರೆಯಾಗಿ ಸೀಳಿ, ಹೊಸ್ತಿಲ ಎಡಕ್ಕೆ ಗೋಡೆಯ ಕೆಳಗೆ ನುಗ್ಗಿತ್ತು. ನೂರು ವರ್ಷದಿಂದ ನೆಲದಡಿ ನಡೆದು ಬಂದ ಬೆಂಕಿ ತನ್ನ ದಾರಿಯನ್ನು ಒಂದು ಬಕೆಟ್ಟು ನೀರಿಗೆ ತೋರಿಸಿಬಿಟ್ಟಿತ್ತು.

ಹಿಂದೆ ಸುಗಿಯಾ ಬಂದು ನಿಂತಿದ್ದಳು. ಖಾಲಿ ಬಕೆಟ್ಟು ನೋಡಿದಾಗಲೇ ನಾಗಲಕ್ಷ್ಮಮ್ಮನಿಗೆ ತಾನು ಚೆಲ್ಲಿದ್ದು ಕುಡಿಯುವ ನೀರೆಂಬುದು ನೆನಪಾಯಿತು, ನಾಲಿಗೆ ಕಚ್ಚಿಕೊಂಡಳು. ಸುಗಿಯಾ ನೀರಿನ ಮಾತೆತ್ತಲಿಲ್ಲ. ಪಟ್ಟಿಯ ಗುಂಟ ಗೋಡೆಯವರೆಗೆ ನಡೆದಳು. ಒಳಗೆ ಹೋಗಿ ಒಲೆಯ ಬೂದಿಯಲ್ಲಿ ಕೈಯಿಟ್ಟಳು. ತಣ್ಣಗಿತ್ತು. ಪಕ್ಕದ ಮೂಲೆಯ ಹಾಸಿಗೆ ಸರಿಸಿ ನೆಲಕ್ಕೆ ಅಂಗೈ ಇಟ್ಟಳು, ಆಮೇಲೆ ಕೆನ್ನೆ ಇಟ್ಟಳು. ಎದ್ದಾಗ ಏನೋ ಮೆಲ್ಲಗೆ ಹೇಳಿದಳು. ಅಷ್ಟರಲ್ಲಿ ಎದ್ದು ಬಂದಿದ್ದ ಲಖನ್ ಅದನ್ನು ಕನ್ನಡಕ್ಕೆ ತರಲಿಲ್ಲ.

“ಏನಂತಾಳೋ, ಹೇಳು.”

“ಮನಿಗೆ ಬಂದ ಬೀಗ್ತೀನ ಬೆಂಕಿ ಮ್ಯಾಲ ಮಲಗಿಸೀನಿ ಅಂತಾಳ್ರಿ. ಒಳ್ಳೇ ಜಾಗ ಅಂತ ನಾನೇ ಕೈಯಾರೆ ಕೊಟ್ಟೆ ಅಂತಾಳ.”

ಇಪ್ಪತ್ತು ವರ್ಷ ತನ್ನ ಜೀವಕ್ಕೆಂದು ಹೆದರದಿದ್ದ ಹೆಂಗಸು ಈಗ ಬೀಗಿತ್ತಿಯ ಬೆನ್ನು ಸವರಿ, ಎಲ್ಲಾದರೂ ಸುಟ್ಟಿದೆಯೇ ಎಂದು ಹುಡುಕುತ್ತಿದ್ದಳು. ನಾಗಲಕ್ಷ್ಮಮ್ಮ ಆ ಹಚ್ಚೆಯ ಕೈ ಹಿಡಿದುಕೊಂಡಳು. “ಹತ್ತು ವರ್ಷದಾಗ ಇಂಥ ನಿದ್ದಿ ಬಂದಿರಲಿಲ್ಲ ಅಂತ ಹೇಳೋ. ಸೊಂಟನೋವು ಪೂರಾ ಹೋತು ಅಂತ ಹೇಳು.”

ಅದನ್ನು ಕೇಳಿ ಸುಗಿಯಾ ಅಳುತ್ತಲೇ ನಕ್ಕಳು. ಮೂಗು ಒರೆಸಿಕೊಂಡು ಹೋಗಿ ಡ್ರಮ್ಮಿನಿಂದ ಬಕೆಟ್ಟು ತುಂಬಿದಳು. ಪಕ್ಕದ ಮನೆಯತ್ತ ಹೊರಟವಳು ತಿರುಗಿ, ಬಾ ಎಂದು ಬೀಗಿತ್ತಿಗೆ ತಲೆಯಲ್ಲೇ ಸನ್ನೆ ಮಾಡಿದಳು.

ಹನ್ನೊಂದು ಬಾಗಿಲಲ್ಲಿ ಉಳಿದ ಹತ್ತಕ್ಕೂ ಇಬ್ಬರೂ ನೀರು ಚಿಮುಕಿಸಿದರು. ಒಬ್ಬ ಮುದುಕ ಕಂಬಳಿ ಹೊದ್ದು ಹೊರಗೆ ಬಂದು, ಹೋಳಿ ಇಷ್ಟು ಬೇಗ ಬಂತೇ ಎಂದು ಬೈದ. ಬೈಯುತ್ತಲೇ ತನ್ನ ಹೊಸ್ತಿಲು ಒಣಗುವುದನ್ನು ಕಂಡು ಬಗ್ಗಿ ಮುಟ್ಟಿ ನೋಡಿದ. ನಾಲ್ಕು ಮನೆಯ ಮುಂದೆ ಪಟ್ಟಿ ಮೂಡಿತು. ಆ ನಾಲ್ಕೂ ಮನೆಯವರನ್ನು ಸುಗಿಯಾ ಕೈ ಹಿಡಿದು ಎಳೆತಂದು ತೋರಿಸಿದಳು. ಯಾರೂ ವಾದ ಮಾಡಲಿಲ್ಲ. ಒಳಗೆ ಹೋಗಿ ಪಾತ್ರೆ ಕಟ್ಟುವ ಸದ್ದು ಕೇಳತೊಡಗಿತು.

ಡ್ರಮ್ಮು ಬರಿದಾದಾಗ ಬಿಸಿಲು ಗೋಡೆಗೇರಿತ್ತು. ಸುಗಿಯಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಉಸಿರು ಬಿಟ್ಟು, ಮಗನಿಗೆ ಏನೋ ಕೇಳಿದಳು. ಲಖನ್ ಅತ್ತೆಯ ಕಡೆ ತಿರುಗಿದ.

“ರೈಲಿನ್ಯಾಗ ಎಷ್ಟು ದಿನ ಆಗ್ತೈತಿ ಅಂತ ಕೇಳ್ತಾಳ್ರಿ.”

“ಮೂರು ದಿನ ಅಂತ ಹೇಳು,” ಎಂದಳು ನಾಗಲಕ್ಷ್ಮಮ್ಮ.