ಒಂದು ಮನೆಯ ಒಲ್ಲೆ

ಹುನ್ನೂರಿನ ಆಚೆ ಇರುವ ನಮ್ಮ ಸಣ್ಣ ಊರಿನ ಬೀರೇಶ್ವರ ಗುಡಿಗೆ ನನ್ನ ಅಜ್ಜ ಅಮಸಿದ್ದಪ್ಪನೇ ಪೂಜಾರಿ. ಗುಡಿಯ ಪಡಸಾಲೆಯಲ್ಲಿ ಮಕ್ಕಳಿಗೆ ಡೊಳ್ಳಿನ ಪದ ಕಲಿಸುತ್ತಾನೆ. ಅವನಿಗೆ ಅಕ್ಷರ ಬಾರದು. ಇಂಥ ಧಾರ್ಮಿಕ ಪಾಠಶಾಲೆಗಳಿಗೆ ಸರ್ಕಾರ ಕೋಣೆ ಕಟ್ಟಿಸಿ ಒಬ್ಬ ಶಿಕ್ಷಕನಿಗೆ ಸಂಬಳ ಕೊಡುತ್ತದೆಂದು ತಿಳಿದು ಅರ್ಜಿ ಬರೆದವನು ನಾನು. ಆ ಶಿಕ್ಷಕನೂ ನಾನೇ ಆಗಬೇಕಿತ್ತು. ಬಿ.ಎಡ್. ಮುಗಿಸಿ ನಾಲ್ಕು ವರ್ಷವಾಗಿತ್ತು. ಮುಧೋಳದ ಖಾಸಗಿ ಶಾಲೆಯಲ್ಲಿ ಅರ್ಧ ಸಂಬಳಕ್ಕೆ ದುಡಿದು ಬೇಸತ್ತಿದ್ದೆ. ಮಂಜೂರಾತಿ ಬಂತು. ಉಳಿದದ್ದು ಅಜ್ಜನ ಹೆಬ್ಬೆಟ್ಟು ಮಾತ್ರ.

"ಈ ರೊಕ್ಕ ಯಾರದಲೇ ದುರಗೇಶಾ?"

"ಸರಕಾರದ್ದು."

"ಸರಕಾರ ಎಷ್ಟ ಕುರಿ ಸಾಕೈತಿ?"

"ಮಂದಿ ತೆರಿಗಿ ಅಜ್ಜಾ. ಬೆಂಕಿಪೆಟ್ಟಿಗಿ ಕೊಂಡ್ರೂ ಒಂದೀಟು ಹೋಗತೈತಿ. ಎಲ್ಲಾರೂ ಕೊಟ್ಟಾರ. ನೀ ಒತ್ತು."

"ಕೊಟ್ಟಾರೋ, ಸರಕಾರದವರ ತಗೊಂಡಾರೋ?"

ಒತ್ತಲಿಲ್ಲ.

ದೇವರಿಗೆ ಹೊದಿಸುವ ಕಂಬಳಿಗೆ ನಮ್ಮಲ್ಲೊಂದು ಕಟ್ಟಳೆ ಇದೆ. ಉಣ್ಣೆಯನ್ನು ಮನೆಮನೆಗೆ ಹೋಗಿ ಕೇಳಬೇಕು. ಕುರಿಯ ಒಡೆಯ ಬಾಯಿಬಿಟ್ಟು 'ಕೊಟ್ಟೆ' ಅನ್ನಬೇಕು. ಹೋದ ವರ್ಷ ನಾನು, ಅಷ್ಟರಲ್ಲೇನು ಎಂದು, ಕುರಿ ಸಾಕುವ ಚನಮಲ್ಲಪ್ಪನಿಲ್ಲದಾಗ ಅವನ ಹಟ್ಟಿಯಿಂದ ಒಂದು ಹಿಡಿ ಉಣ್ಣೆ ತಂದು ಸೇರಿಸಿದ್ದೆ. ಕಂಬಳಿ ಮಗ್ಗದಿಂದ ಇಳಿದ ಮೇಲೆ ಅಜ್ಜನಿಗೆ ಗೊತ್ತಾಯಿತು. ಚನಮಲ್ಲಪ್ಪ ನಕ್ಕು, "ಇರ್ಲಿ ಬಿಡ ಕಾಕಾ, ಈಗ ಕೊಟ್ಟೇನಿ" ಅಂದ. ಅಜ್ಜ ಕೇಳಲಿಲ್ಲ. ಕಂಬಳಿಯನ್ನು ಪೂರ್ತಿ ಬಿಚ್ಚಿಸಿದ.

ಈಗ ಆ ಕಟ್ಟಳೆ ನನ್ನ ನೌಕರಿಗೆ ಬಂತು. ಊರಲ್ಲಿ ಇನ್ನೂರ ಹನ್ನೆರಡು ಮನೆ. ಎಲ್ಲರನ್ನೂ ಕೇಳುತ್ತೇನೆಂದು ಅಜ್ಜ ಕೋಲು ಹಿಡಿದು ಹೊರಟ. ನಾನೂ ಜೊತೆಗೆ ಹೊರಟೆ. ಎಂಬತ್ತು ದಾಟಿದ ಕಾಲು, ಏಪ್ರಿಲ್ ಬಿಸಿಲು. ಜೈನರ ಯಶೋಧರಾ ಚಹಾ ಕೊಟ್ಟು ಹೂಂ ಅಂದರು. ರಬಕವಿಗೆ ಮಗ್ಗದ ಕೆಲಸಕ್ಕೆ ಹೋಗುವ ರೇಷ್ಮಾ ಬಸ್ಸಿನ ಮೆಟ್ಟಿಲ ಮೇಲಿಂದಲೇ ಹೂಂ ಅಂದಳು. ಪಂಚಾಯಿತಿ ಸದಸ್ಯ ಭೀಮಶಿ ಹೂಂ ಅಂದು ಹೊಟ್ಟೆ ಹಿಡಿದು ನಕ್ಕ.

"ಪೂಜೇರಿ, ಓಟ್ ಕೇಳಾಕ ನಾನೂ ಇಷ್ಟ ಮನಿ ತಿರಗಿಲ್ರಿ!"

ಮೂರನೆಯ ದಿನ ಮಧ್ಯಾಹ್ನ ಕೊನೆಯ ಓಣಿ. ಸುಂದರವ್ವ ಬಾಗಿಲಲ್ಲಿ ಕೂತು ಜೋಳ ಕೇರುತ್ತಿದ್ದಳು. ಅಜ್ಜ ಎಲ್ಲ ವಿವರಿಸಿದ. ಅವಳು ಮೊರ ಕೆಳಗಿಡದೆ, "ನಾ ಒಲ್ಲೆ" ಅಂದಳು.

"ಯಾಕ ಬೇ ಯವ್ವಾ? ಎಲ್ಲಾರೂ ಹೂಂ ಅಂದಾರ" ಎಂದೆ.

"ಕೇಳಾಕ ಬಂದೀರೇನ, ಹೇಳಾಕ ಬಂದೀರೇನ?"

ಅಜ್ಜ ನನ್ನ ತೋಳು ಹಿಡಿದು ಹಿಂದೆ ಸರಿಸಿದ. "ಆತು ಬೇ" ಎಂದು ಅವಳಿಗೆ ಕೈಮುಗಿದ.

"ಒಬ್ಬಾಕಿ!" ಎಂದೆ ದಾರಿಯಲ್ಲಿ. "ಕಾರಣಾನೂ ಹೇಳಲಿಲ್ಲ."

"ಕಾರಣ ಕೇಳಾಕ ನಾನೇನ ಫೌಜದಾರನಲೇ?"

"ನನ್ನ ಪಗಾರ ಹೋತಲ್ಲ?"

"ಹೋತು."

ಬಿ.ಎಡ್. ಓದುವಾಗ ಹಾಸ್ಟೆಲಿನ ಗ್ರಂಥಾಲಯದಲ್ಲಿ ಕೂತು ಸಂವಿಧಾನದ ಇಪ್ಪತ್ತೇಳನೆಯ ವಿಧಿಯನ್ನು ನಾನು ಬಾಯಿಪಾಠ ಮಾಡಿದ್ದೆ. ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆ ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ. ನನಗೆ ಅದು ಎರಡು ಅಂಕದ ಪ್ರಶ್ನೆ. ಆ ಪುಸ್ತಕದ ಹೆಸರೂ ಕೇಳದ ಮುದುಕ ಅದಕ್ಕಾಗಿ ಮೂರು ದಿನ ಬಾಗಿಲಿಂದ ಬಾಗಿಲಿಗೆ ನಡೆದಿದ್ದ, ಅದೂ ತನ್ನದೇ ದೇವರ ವಿಷಯದಲ್ಲಿ. ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಅವನಿಗೆ ಸರಿಸಮನಾಗಿ ಪಕ್ಕದಲ್ಲಿ ನಡೆಯಲು ಆಗಲಿಲ್ಲ. ಮನೆ ಮುಟ್ಟುವವರೆಗೆ ಎರಡು ಹೆಜ್ಜೆ ಹಿಂದೆಯೇ ಬಂದೆ.

ಮರುದಿನ ಮಂಜೂರಾತಿಯ ಕಾಗದ ಹಿಂತಿರುಗಿಸಲು ಸರ್ಕಾರಿ ಕಚೇರಿಗೆ ಹೋದೆ. ಊರಿನ ಪೂರ್ತಿ ಒಪ್ಪಿಗೆ ಸಿಗಲಿಲ್ಲ ಎಂದಾಗ ಗುಮಾಸ್ತೆ ಶ್ರೀದೇವಿ ಕನ್ನಡಕ ಏರಿಸಿದರು.

"ಎಷ್ಟ ಮಂದಿ ವಿರೋಧ ಮಾಡ್ಯಾರ?"

"ಒಬ್ಬರ ರೀ."

"ಒಬ್ಬರ? ತಲಿ ಕೆಟ್ಟೈತೇನ್ರಿ ನಿಮಗ? ಇಲ್ಲೇ ಒಂದ ಹೆಬ್ಬಟ್ಟ ಒತ್ತಿ ಕೊಡ್ರಿ. ಯಾರದಂತ ಯಾರ ನೋಡ್ತಾರ? ಬರೂ ತಿಂಗಳಿಂದ ಪಗಾರ ಚಾಲೂ."

ಫ್ಯಾನು ತಿರುಗುತ್ತಿತ್ತು. ನನ್ನ ಕೈಗೂ ಹೆಬ್ಬೆಟ್ಟಿತ್ತು. ಸುಳ್ಳು ಹೇಳುವುದಿಲ್ಲ, ಅದನ್ನು ಒಮ್ಮೆ ನೋಡಿಕೊಂಡೆ. ಆಮೇಲೆ ಪೆನ್ನು ತೆಗೆದು, ಕಾರಣ ಎಂದಿದ್ದ ಕಡೆ 'ಒಬ್ಬರು ಒಪ್ಪಿಲ್ಲ' ಎಂದು ಬರೆದು ಮುಂದಿಟ್ಟೆ.

"ಎಂಥಾ ಹುಚ್ಚರದೀರಿ ನೀವು!"

"ನಾ ಇನ್ನೂ ಅಷ್ಟ ಹುಚ್ಚ ಆಗಿಲ್ರಿ" ಎಂದೆ. "ನಮ್ಮಜ್ಜ ಅದಾನ."