ಅರ್ಧ ಗಂಟೆಯ ಅಪ್ಪ

ಮರ ಕೊಯ್ಯುವ ಮಿಲ್ಲಿನಲ್ಲಿ ವರ್ಷಗಟ್ಟಲೆ ದುಡಿದವನ ಗಂಟಲು ಹೇಗಿರಬೇಕೋ ಹಾಗೇ ಇತ್ತು ಅವನದು. ಗರಗಸದ ಸದ್ದಿನ ನಡುವೆ ಪಿಸುಗುಟ್ಟಿದರೆ ಪಕ್ಕದವನ ಬೆರಳೇ ಹೋದೀತು. ಮನೆಗೆ ಬಂದರೂ ಅದೇ ಗಂಟಲು. ಉಪ್ಪು ಕೊಡು ಅಂದರೆ ಆಚೆಮನೆಯವರು ಡಬ್ಬಿ ಹುಡುಕಬೇಕು. ಇದನ್ನೇ ಹಿಡಿದುಕೊಂಡು ಅವನ ಅತ್ತೆ ಮಾವ ಕೋರ್ಟಿಗೆ ಹೋಗಿದ್ದರು. ಅಳಿಯ ಒರಟ, ತಾಯಿ ಸತ್ತ ಮಗು ಅವನ ಹತ್ತಿರ ನಡುಗಿ ಹೋಗುತ್ತೆ, ನಮಗೆ ಕೊಡಿಸಿ ಅಂತ. ನ್ಯಾಯಾಧೀಶರು ಮಗುವಿನ ಜೊತೆ ಎರಡೂ ಕಡೆಯವರನ್ನು ಮನಶ್ಶಾಸ್ತ್ರದ ಡಾಕ್ಟರಮ್ಮನ ಬಳಿ ಅಳೆಸಿಕೊಂಡು ಬರಲು ಕಳಿಸಿದರು.

"ಈ ರೂಮಲ್ಲಿ ಅರ್ಧ ಗಂಟೆ ಮಗು ಜೊತೆ ಆಟ ಆಡಿ" ಅಂದರು ಡಾಕ್ಟರಮ್ಮ. "ನಾನು ಆ ಕನ್ನಡಿ ಹಿಂದೆ ಇರ್ತೀನಿ. ನಿಮಗೆ ನಾನು ಕಾಣಲ್ಲ, ನನಗೆ ನೀವು ಕಾಣ್ತೀರಿ."

"ಏನು ನೋಡ್ತೀರಾ ಮೇಡಂ?"

"ಪ್ರೀತಿ ಎಷ್ಟು, ಗದರೋದು ಎಷ್ಟು, ಮಗು ನಿಮ್ಮನ್ನ ಎಷ್ಟು ನಂಬುತ್ತೆ. ಎಲ್ಲದಕ್ಕೂ ಅಂಕ ಇದೆ. ಮನೇಲಿ ಹೇಗಿರ್ತೀರೋ ಹಾಗೇ ಇರಿ."

ಮನೆಯಲ್ಲಿದ್ದ ಹಾಗೆ ಇದ್ದರೆ ಕಥೆ ಮುಗಿದಂತೆಯೇ. ಬರುವಾಗ ದಾರಿಯುದ್ದಕ್ಕೂ ಅವನ ಅಕ್ಕ ತಲೆ ತಿಂದಿದ್ದಳು: "ದನಿ ಎತ್ತಬೇಡ ಕಣೋ. ಏನೇ ಆಗ್ಲಿ ನಗ್ತಾ ಇರು. ನಿನ್ನ ಬಾಯಿಂದಾನೇ ಮಗು ಕಳ್ಕೋತೀಯ ನೀನು."

ಬಾಗಿಲು ಮುಚ್ಚಿತು. ಆಳೆತ್ತರದ ಮರದ ದಿಮ್ಮಿ ಉರುಳಿ ಬಂದಾಗಲೂ ಅವನು ಇಷ್ಟು ಹೆದರಿದವನಲ್ಲ. ಮಗಳಿಗೆ ಅದರ ಪರಿವೆಯೇ ಇಲ್ಲ. ಒಂದು ಕಡೆ ನಿಲ್ಲದ ಅವಳನ್ನು ಮನೆಯಲ್ಲಿ ಗಿರಗಿಟ್ಲೆ ಅಂತಲೇ ಕರೆಯುವುದು. ಬಂದವಳೇ ಬಣ್ಣದ ಬಾಟಲಿ ಕೆಡವಿ ಚಾಪೆಯನ್ನೆಲ್ಲ ಕೆಂಪು ಮಾಡಿದಳು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅವನು ಉಗುಳು ನುಂಗಿ, ಹಲ್ಲು ಕಿರಿದು, "ಪರವಾಗಿಲ್ಲ ಕಂದ" ಎಂದ.

ಗಿರಗಿಟ್ಲೆ ನಿಂತುಬಿಟ್ಟಳು. ಅಪ್ಪನನ್ನೇ ನೋಡುತ್ತಾ ಒಂದು ಮರದ ತುಂಡನ್ನು ಬೇಕೆಂದೇ ಗೋಡೆಗೆ ಎಸೆದಳು.

"ಇರಲಿ ಚಿನ್ನ. ಬಾ, ಅಪ್ಪನ ಹತ್ರ ಕೂತ್ಕೋ."

ಅವಳ ಮುಖ ಬಿಳಿಚಿಕೊಂಡಿತು. ಹಿಂದೆ ಹಿಂದೆ ಸರಿದು ಮೂಲೆ ಸೇರಿದಳು. ಅಯ್ಯೋ, ಮಗು ಅಪ್ಪನನ್ನು ಕಂಡು ಹೆದರುವುದನ್ನು ಆ ಕನ್ನಡಿ ನೋಡುತ್ತಿದೆಯಲ್ಲ. ಹೆದರಿದಷ್ಟೂ ಅವನ ದನಿ ಇನ್ನಷ್ಟು ಮೆತ್ತಗಾಯಿತು. "ಬಾ ಕಂದ, ಬಾ ಬಂಗಾರ."

"ಅಪ್ಪಾ, ಯಾರು ಸತ್ತೋದ್ರು?"

"ಯಾರೂ ಇಲ್ಲ ಕಂದ."

"ಸುಳ್ಳು. ಅಮ್ಮ ಸತ್ತಾಗ ನೀನು ಹೀಗೇ ಮಾತಾಡ್ದೆ."

ಹೌದು. ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜೀವಮಾನದಲ್ಲಿ ಆ ಒಂದೇ ಸಲ ಅವನು ಮೆಲ್ಲಗೆ ಮಾತಾಡಿದ್ದ. ಅದನ್ನು ಅವನು ಮರೆತಿದ್ದ, ಅವಳು ಮರೆತಿರಲಿಲ್ಲ.

ಮಗು ಉಸಿರು ಕಟ್ಟಿ ಅಳತೊಡಗಿತು. "ಅತ್ತೆ ಸತ್ತೋದ್ಲಾ? ನೀನು ಸಾಯ್ತೀಯಾ?" ಅವನು ಕನ್ನಡಿಯತ್ತ ನೋಡಿದ. ಅಲ್ಲಿ ತನ್ನದೇ ಹಲ್ಲು ಕಿರಿದ ಮುಖ ಕಂಡು ಅವನಿಗೂ ಹೆದರಿಕೆಯಾಯಿತು. ಗದರಿದರೆ ಮಗಳು ಹೋದಳು. ಗದರದಿದ್ದರೆ ಕಣ್ಣೆದುರೇ ಅವಳ ಜೀವ ಬಾಯಿಗೆ ಬರುತ್ತಿದೆ. ಹಾಳಾಗಿ ಹೋಗಲಿ ಅಂಕ.

"ಏಯ್ ಕತ್ತೆ, ಯಾರೂ ಸತ್ತಿಲ್ಲ ಕಣೇ! ಚಾಪೆ ಹೊಲಸು ಮಾಡಿ ಮೂಲೇಲಿ ನಿಂತ್ಕೊಂಡ್ರೆ ಒರೆಸೋರು ಯಾರು, ನಿಮ್ಮಪ್ಪನಾ?"

ಕಿಟಕಿಯ ಗಾಜು ಅದುರಿತು. ಅಳು ನಿಂತಿತು. ಗಿರಗಿಟ್ಲೆ ಓಡಿ ಬಂದು ಅವನ ಕೊರಳಿಗೆ ಜೋತುಬಿದ್ದು, "ಹೂಂ, ನಮ್ಮಪ್ಪನೇ" ಎಂದು ಬಿಕ್ಕಿದಳು.

ಬಾಗಿಲು ತೆರೆಯಿತು. ಡಾಕ್ಟರಮ್ಮನ ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಎಷ್ಟು ಅಂಕ ಹೋಯಿತು ಅಂತ ಕೇಳಲು ಅವನು ಬಾಯಿ ತೆರೆದ. ಅಷ್ಟು ದೊಡ್ಡ ಗಂಟಲಿನಿಂದ ಗಾಳಿ ಮಾತ್ರ ಬಂತು.

"ಮಗೂನ ಇಳಿಸಿ" ಅಂದರು ಅವರು. "ಈಗ ಅವರಜ್ಜಿ ತಾತನ ಸರದಿ."

ಇಳಿಸಬೇಕು, ಇಲ್ಲದಿದ್ದರೆ ಅದಕ್ಕೂ ಅಂಕ ಕಳೆಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಎಷ್ಟು ಹೇಳಿದರೂ ಅವನ ಕೈಗಳೇ ಅವನ ಮಾತು ಕೇಳಲಿಲ್ಲ.